ಅಪ್‌ಡೇಟ್: ‘ಓನರ್ ಸೇಲ್, ಬ್ರೋಕರ್ ಬೇಡ’ ಅನ್ನೋರ ಹತ್ತಿರ ಮಾತು

ಮೈಸೂರಿನಲ್ಲಿ ಏಜೆಂಟ್ ಆಗಿರುವ ನಾನು, ತಾವೇ ಮನೆ ಮಾರಲು ಹೊರಟ ಓನರ್‌ಗಳನ್ನು ಹೇಗೆ ಮಾತಾಡಿಸೋದು ಅಂತ ಕೇಳಿದ್ದೆ. ‘ಕಮಿಷನ್ ಮಾತು ಆಮೇಲೆ, ಮೊದಲು ಕಾಗದಪತ್ರಕ್ಕೆ ನೆರವಾಗಿ’ ಅಂದಿರಿ. ಅದೇ ಕೈ ಹಿಡಿಯಿತು.

ಕುವೆಂಪುನಗರದ ನಿವೃತ್ತ ಮೇಷ್ಟ್ರೊಬ್ಬರು, “ಬ್ರೋಕರ್ ಆದ್ರೆ ಫೋನ್ ಇಡಪ್ಪಾ” ಅಂದರು. “ಮನೆ ಕೊಡಿ ಅಂತ ಕೇಳ್ತಿಲ್ಲ ಸರ್, ಇ-ಖಾತಾ ಆಗಿದೆಯಾ?” ಅಂದೆ. ಆಸ್ತಿಯ ಈ ಡಿಜಿಟಲ್ ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ) ತೆಗೆದರೆ, ಎಂದೋ ತೀರಿಸಿದ ಬ್ಯಾಂಕ್ ಸಾಲ ಇನ್ನೂ ಹಾಗೇ ಇತ್ತು! ಕೊಳ್ಳುವವರ ವಕೀಲರು ಮೊದಲು ಹಿಡಿಯೋದೇ ಇದನ್ನ, ಅಲ್ವಾ? ಬ್ಯಾಂಕಿಗೆ ಜೊತೆಗೇ ಹೋಗಿ ಅದನ್ನು ಸರಿಪಡಿಸಲು ಕೊಟ್ಟು ಬಂದೆವು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು 1% ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿಯಬೇಕು ಅಂತಲೂ ತಿಳಿಸಿದೆ.

ಆಮೇಲೆ ಅವರೇ ಫೋನ್ ಮಾಡಿದರು. “ಸುಮ್ನೆ ನೋಡ್ಕೊಂಡು ಹೋಗೋರೇ ಜಾಸ್ತಿ ಕಣಪ್ಪಾ. ನಿಜವಾಗ್ಲೂ ತಗೊಳ್ಳೋರಿದ್ರೆ ಕರ್ಕೊಂಡು ಬಾ.”

1% ಕಮಿಷನ್, ಬರಹದಲ್ಲೇ ಒಪ್ಪಂದ. ಅವರಾಗಿಯೇ ಗಿರಾಕಿ ಹುಡುಕಿದರೆ ನನಗೇನೂ ಕೊಡಬೇಕಿಲ್ಲ. ನನಗೆ ಇದೇ ನ್ಯಾಯ ಅನಿಸುತ್ತದೆ. ಮುಂದಿನ ವಾರ ಲೋನ್ ಮಂಜೂರಾಗಿರುವ ದಂಪತಿಯೊಬ್ಬರನ್ನು ಮನೆ ತೋರಿಸಲು ಕರೆದೊಯ್ಯುತ್ತಿದ್ದೇನೆ.