ಸಿಲಿಂಡರ್ ತೂಕದ ದೂರು: ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಏನನ್ನು ಕೇಳಬೇಕು?

ಸಂಘದ ಕಾರ್ಯದರ್ಶಿ

ಬಡಾವಣೆಯ ಎಲ್ಲ ನಿವಾಸಿಗಳಿಗೆ ನಮಸ್ಕಾರ. ಅಡುಗೆ ಅನಿಲದ ಸಿಲಿಂಡರುಗಳು ತೂಕದಲ್ಲಿ ಕಡಿಮೆ ಬರುತ್ತಿವೆ ಎಂದು ಹಲವರು ಹೇಳಿದ್ದರಿಂದ, ಸಂಘದ ವತಿಯಿಂದ ಒಂದು ತಕ್ಕಡಿ ಕೊಂಡು, ಕಳೆದ ಆರು ವಾರಗಳಲ್ಲಿ ಹನ್ನೊಂದು ಸಿಲಿಂಡರುಗಳನ್ನು ಸೀಲು ಒಡೆಯುವ ಮೊದಲೇ ತೂಗಿ ನೋಡಿದ್ದೇವೆ. ಸಿಲಿಂಡರಿನ ಮೇಲೆ ಖಾಲಿ ತೂಕ 15.3 ಎಂದು ಬರೆದಿದ್ದರೆ, ಅದಕ್ಕೆ ಅನಿಲದ 14.2 ಸೇರಿ ಒಟ್ಟು 29.5 ಕಿಲೋ ತೂಗಬೇಕು. 150 ಗ್ರಾಂವರೆಗಿನ ವ್ಯತ್ಯಾಸಕ್ಕೆ ನಿಯಮದಲ್ಲೇ ಅವಕಾಶವಿದೆ. ನಾವು ತೂಗಿದ ಹನ್ನೊಂದರಲ್ಲಿ ನಾಲ್ಕು ಸಿಲಿಂಡರುಗಳು 400 ಗ್ರಾಂಗಿಂತ ಹೆಚ್ಚು ಕಡಿಮೆ ಇದ್ದವು. ಹೀಗೆ ತೂಗುವುದಕ್ಕೂ ಮೊದಲೇ, ತೂಕ ಮತ್ತು ಅಳತೆಯ ಮೇಲ್ವಿಚಾರಣೆ ನಡೆಸುವ ಕಚೇರಿಗೆ ಲಿಖಿತ ದೂರು ಕೊಟ್ಟು ಮೂರು ತಿಂಗಳಾದರೂ ಸ್ವೀಕೃತಿ ಮುದ್ರೆಯ ಹೊರತು ನಮಗೆ ಬೇರೇನೂ ಸಿಕ್ಕಿಲ್ಲ. ಆದ್ದರಿಂದ ಸಂಘದ ಲೆಟರ್‌ಹೆಡ್ಡಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕೋಣವೆಂದು ಯೋಚಿಸಿದ್ದೇನೆ. ಪ್ರಶ್ನೆಗಳು ಹೀಗಿವೆ: ನಮ್ಮ ದೂರಿನ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ? ಏಜೆನ್ಸಿಯೊಂದಿಗೆ ಅಧಿಕಾರಿಗಳು ಶಾಮೀಲಾಗಿದ್ದಾರೆಯೇ? ಗ್ರಾಹಕರಿಗೆ ಆಗಿರುವ ನಷ್ಟಕ್ಕೆ ಯಾರು ಹೊಣೆ? ತಿದ್ದುಪಡಿಗಳಿದ್ದರೆ ದಯವಿಟ್ಟು ಭಾನುವಾರದೊಳಗೆ ತಿಳಿಸಿ.

ಮೊದಲನೇ ಅಡ್ಡರಸ್ತೆಯ ನಿವಾಸಿ (ನಿವೃತ್ತ ಸರ್ಕಾರಿ ನೌಕರರು)

ಕಾರ್ಯದರ್ಶಿಗಳೇ, ನಿಮ್ಮ ಶ್ರಮ ದೊಡ್ಡದು, ಆದರೆ ಈ ಅರ್ಜಿಯನ್ನು ಹೀಗೆಯೇ ಕಳಿಸಬೇಡಿ. ನಾನು ಬೇರೊಂದು ಇಲಾಖೆಯಲ್ಲಿ ಆರು ವರ್ಷ ಸಾರ್ವಜನಿಕ ಮಾಹಿತಿ ಅಧಿಕಾರಿಯಾಗಿದ್ದವನು. ಈ ಮೂರು ಪ್ರಶ್ನೆಗಳು ನನ್ನ ಮೇಜಿಗೆ ಬಂದಿದ್ದರೆ, ತಪ್ಪೇನೂ ಮಾಡದೆ ಹತ್ತೇ ನಿಮಿಷದಲ್ಲಿ ಹಿಂಬರಹ ಕೊಟ್ಟು ಕಡತ ಮುಗಿಸುತ್ತಿದ್ದೆ. ಏಕೆಂದರೆ ಕಾಯ್ದೆಯ ಸೆಕ್ಷನ್ 2(ಎಫ್) ಹೇಳುವ ‘ಮಾಹಿತಿ’ ಎಂದರೆ ಕಚೇರಿಯಲ್ಲಿ ಯಾವುದಾದರೊಂದು ರೂಪದಲ್ಲಿ ಈಗಾಗಲೇ ಇರುವ ದಾಖಲೆ. ಹೊಸದಾಗಿ ಅಭಿಪ್ರಾಯ ರೂಪಿಸಿ ಹೇಳುವ ಹೊಣೆ ಅಧಿಕಾರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇಯ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ‘ಏಕೆ’ ಎಂದು ಆರಂಭವಾಗುವ ಪ್ರಶ್ನೆ ಅಧಿಕಾರಿಗೆ ನಾವೇ ತೆರೆದುಕೊಡುವ ಹಿಂಬಾಗಿಲು.

ಎರಡನೆಯದಾಗಿ, ಲೆಟರ್‌ಹೆಡ್ಡು ಬೇಡ. ಸೆಕ್ಷನ್ 3 ಈ ಹಕ್ಕನ್ನು ಕೊಟ್ಟಿರುವುದು ನಾಗರಿಕರಿಗೆ, ಸಂಘ ಸಂಸ್ಥೆಗಳಿಗಲ್ಲ. ಆದ್ದರಿಂದ ನಮ್ಮಲ್ಲಿ ಒಬ್ಬರು ತಮ್ಮ ಸ್ವಂತ ಹೆಸರಿನಲ್ಲಿ ಸಹಿ ಹಾಕಬೇಕು. ಮೂರನೆಯದಾಗಿ, ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದ 2012ರ ನಿಯಮಗಳು 500 ಪದಗಳಿಗೆ ಅವಕಾಶ ಕೊಡುತ್ತವೆ, ನಮ್ಮ ರಾಜ್ಯ ಮಾತ್ರ ಏಕೋ ಇಷ್ಟು ಜಿಪುಣ. ಆದರೆ ಈ ಮಿತಿಯಿಂದ ನಮಗೆ ಒಂದು ಉಪಕಾರವೂ ಇದೆ: ಅರ್ಜಿ ಚಿಕ್ಕದಾದಷ್ಟೂ ಜಾರಿಕೊಳ್ಳಲು ಜಾಗ ಕಡಿಮೆ.

ಹಾಗಾದರೆ ಏನು ಕೇಳಬೇಕು? ಕಚೇರಿ ತನ್ನ ಕೆಲಸ ಮಾಡಿದ್ದರೆ ಯಾವ ಕಾಗದ ಹುಟ್ಟಲೇಬೇಕಿತ್ತೋ ಅದನ್ನು ಕೇಳಬೇಕು. ದೂರು ಬಂದ ಮೇಲೆ ಅದು ಒಳಬರುವ ಪತ್ರಗಳ ವಹಿಯಲ್ಲಿ ದಾಖಲಾಗಿರಬೇಕು, ಕಡತವಾಗಿ ಯಾರದೋ ಮೇಜಿಗೆ ಹೋಗಿರಬೇಕು, ಟಿಪ್ಪಣಿ ಹಾಳೆಯಲ್ಲಿ ಯಾರಾದರೂ ಒಂದು ಷರಾ ಬರೆದಿರಬೇಕು. ಆ ಟಿಪ್ಪಣಿ ಹಾಳೆಯ ದೃಢೀಕೃತ ಪ್ರತಿ ಕೇಳಿ. ಏಜೆನ್ಸಿಯ ಗೋದಾಮಿನಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ನಡೆದ ತಪಾಸಣೆಗಳ ದಿನಾಂಕ ಮತ್ತು ವರದಿಗಳನ್ನು ಕೇಳಿ. ಮನೆಗೆ ಸಿಲಿಂಡರ್ ತರುವ ಹುಡುಗರು ಒಯ್ಯುವ ವಿದ್ಯುನ್ಮಾನ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆ ನಡೆದು ತೂಕ ಮತ್ತು ಅಳತೆಯ ಇಲಾಖೆಯ ಮುದ್ರೆ ಬೀಳಬೇಕು. ಆ ಸತ್ಯಾಪನಾ ಪ್ರಮಾಣಪತ್ರಗಳ ಪ್ರತಿ ಕೇಳಿ. ಕೊಟ್ಟರೆ ನಮಗೆ ದಾಖಲೆ ಸಿಗುತ್ತದೆ. ‘ಅಂತಹ ದಾಖಲೆ ಈ ಕಚೇರಿಯಲ್ಲಿ ಲಭ್ಯವಿಲ್ಲ’ ಎಂದು ಬರೆದುಕೊಟ್ಟರೆ ಇನ್ನೂ ಒಳ್ಳೆಯದು, ತಪಾಸಣೆಯೇ ನಡೆದಿಲ್ಲವೆಂದು ಕಚೇರಿಯೇ ಸಹಿ ಹಾಕಿ ಒಪ್ಪಿಕೊಂಡಂತೆ.

ಇನ್ನೊಂದು ಕಹಿ ಮಾತು. ಸಂಘದ ತಕ್ಕಡಿಗೆ ಮುದ್ರೆ ಹಾಕಿಸಿದ್ದೇವೆಯೇ? ಇಲ್ಲದಿದ್ದರೆ ನಮ್ಮ ಹನ್ನೊಂದು ತೂಕಗಳು ಅನುಮಾನಕ್ಕೆ ಸಾಕು, ಸಾಕ್ಷ್ಯಕ್ಕೆ ಸಾಲವು. ಮುಂದೆ ಅವರದೇ ತಕ್ಕಡಿಯಲ್ಲಿ ತೂಗಿಸಿ, ಅದರ ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಿ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ

ರಾಯರ ಮಾತು ಅರ್ಥವಾಯಿತು. ಆದರೆ ಏಜೆನ್ಸಿ ಖಾಸಗಿಯವರದು. ‘ಖಾಸಗಿ ವ್ಯವಹಾರದ ಮಾಹಿತಿ ಕೊಡಲಾಗದು’ ಎಂದುಬಿಟ್ಟರೆ ಏನು ಮಾಡುವುದು? ಜೊತೆಗೆ, ಸಹಿ ಹಾಕಿದವರ ಮನೆಗೆ ಸಿಲಿಂಡರ್ ತಡವಾಗಿ ಬರತೊಡಗಿದರೆ ಅದಕ್ಕೆ ಯಾರು ಜವಾಬ್ದಾರಿ? ನಮ್ಮ ಮನೆಯಲ್ಲಿ ವಯಸ್ಸಾದವರಿದ್ದಾರೆ, ಒಂದೇ ಸಿಲಿಂಡರಿನ ಸಂಪರ್ಕ.

ಎರಡನೇ ಅಡ್ಡರಸ್ತೆಯ ನಿವಾಸಿ (ವಕೀಲರು)

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದೇ 2(ಎಫ್)ನ ಕೊನೆಯ ಸಾಲಿನಲ್ಲಿದೆ. ಬೇರೆ ಯಾವುದೇ ಕಾನೂನಿನ ಅಡಿಯಲ್ಲಿ ಸಾರ್ವಜನಿಕ ಪ್ರಾಧಿಕಾರವೊಂದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ‘ಮಾಹಿತಿ’ಯೇ ಆಗುತ್ತದೆ. ತೂಕ ಮತ್ತು ಅಳತೆಗೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಸೆಕ್ಷನ್ 15 ಅಧಿಕಾರಿಗಳಿಗೆ ತಪಾಸಣೆ ನಡೆಸುವ, ದಾಖಲೆ ತರಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ಅವರು ತರಿಸಿಕೊಳ್ಳಬಹುದಾದದ್ದನ್ನು ನಾವು ಅವರ ಮೂಲಕ ಕೇಳಬಹುದು. ನಿಯಂತ್ರಣ ಸಂಸ್ಥೆಗಳಿಗೆ ಅರ್ಜಿ ಹಾಕುವುದರ ನಿಜವಾದ ಬಲ ಇರುವುದು ಇಲ್ಲೇ.

‘ವಾಣಿಜ್ಯ ಗೌಪ್ಯತೆ’ ಎಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಡಿ) ತೋರಿಸಿದರೆ ಹೆದರಬೇಕಾಗಿಲ್ಲ. ಬ್ಯಾಂಕುಗಳ ತಪಾಸಣಾ ವರದಿಗಳನ್ನು ಕೊಡಲು ನಿರಾಕರಿಸಿದ್ದ ರಿಸರ್ವ್ ಬ್ಯಾಂಕಿನ ವಾದವನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲಿ ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ತಳ್ಳಿಹಾಕಿತು. ನಿಯಂತ್ರಕನಿಗೂ ನಿಯಂತ್ರಣಕ್ಕೆ ಒಳಪಟ್ಟವನಿಗೂ ನಡುವೆ ನಂಬಿಕೆಯ ಗುಟ್ಟಿನ ಸಂಬಂಧವಿಲ್ಲ, ನಿಯಂತ್ರಕನ ಕರ್ತವ್ಯ ಸಾರ್ವಜನಿಕರ ಕಡೆಗೆ ಎಂಬುದು ಆ ತೀರ್ಪಿನ ತಿರುಳು. ‘ತನಿಖೆ ನಡೆಯುತ್ತಿದೆ’ ಎಂದು 8(1)(ಎಚ್) ಹೇಳಿದರೂ ಅಷ್ಟೇ: ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ಅವರು ಕಾರಣ ಸಹಿತ ಹೇಳಬೇಕೆಂದು ದೆಹಲಿ ಹೈಕೋರ್ಟ್ 2007ರಲ್ಲೇ ತೀರ್ಪು ಕೊಟ್ಟಿದೆ. ಆದರೆ ಬೇರೆ ದೂರುದಾರರ ಹೆಸರು, ಅಧಿಕಾರಿಗಳ ಖಾಸಗಿ ವಿವರಗಳನ್ನು ಕೇಳಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ)ಗೆ ತಂದ ತಿದ್ದುಪಡಿಯಿಂದಾಗಿ ಅಂತಹ ಕೋರಿಕೆಗಳನ್ನು ನಿರಾಕರಿಸುವುದು ಬಹಳ ಸುಲಭವಾಗಿದೆ.

ಎರಡನೆಯ ಆತಂಕ ನ್ಯಾಯವಾದದ್ದು. ಕಾರಣ ಹೇಳಬೇಕಾಗಿಲ್ಲವೆಂದು ಸೆಕ್ಷನ್ 6(2) ಹೇಳುತ್ತದೆ, ಆದರೆ ಹೆಸರು ಮತ್ತು ವಿಳಾಸ ಕೊಡಲೇಬೇಕು. ಆದ್ದರಿಂದ ಆ ಏಜೆನ್ಸಿಯ ಗ್ರಾಹಕರಲ್ಲದವರು ಸಹಿ ಹಾಕುವುದು ಲೇಸು. ನಮ್ಮ ಮನೆಗೆ ಬೇರೆ ಕಂಪನಿಯ ಸಂಪರ್ಕವಿದೆ, ನಾನು ಸಿದ್ಧ.

ಐದನೇ ಅಡ್ಡರಸ್ತೆಯ ನಿವಾಸಿ

ಇಷ್ಟೆಲ್ಲ ಸುತ್ತು ಬಳಸುವ ಬದಲು ನೇರವಾಗಿ ಗ್ರಾಹಕರ ಆಯೋಗಕ್ಕೆ ಹೋಗಬಹುದಲ್ಲ? ಗ್ರಾಹಕರ 1915 ಸಹಾಯವಾಣಿಯೂ ಇದೆಯಲ್ಲ?

ಎರಡನೇ ಅಡ್ಡರಸ್ತೆಯ ನಿವಾಸಿ (ವಕೀಲರು)

ಹೋಗಬಹುದು ಸರ್, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಅಲ್ಲಿ ಕೇಳುವ ಮೊದಲ ಮಾತು ‘ಪುರಾವೆ ಎಲ್ಲಿ’ ಎಂಬುದು. ಈ ಅರ್ಜಿಯಿಂದ ಸಿಗುವ ದೃಢೀಕೃತ ಪ್ರತಿಗಳೇ ಆಗ ನಮ್ಮ ಕೈಯಲ್ಲಿರಬೇಕು.

ಸಂಘದ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದಗಳು. ನನ್ನ ಮೂರೂ ಪ್ರಶ್ನೆಗಳನ್ನು ಕೈಬಿಟ್ಟಿದ್ದೇನೆ. ಹೊಸ ಕರಡಿನಂತೆ ರಾಜ್ಯದ ನಿಯಮಗಳಲ್ಲಿರುವ ಅರ್ಜಿಯ ನಮೂನೆ ‘ಎ’ಯಲ್ಲಿ ಎರಡು ಪ್ರತ್ಯೇಕ ಅರ್ಜಿಗಳು ತೂಕ ಮತ್ತು ಅಳತೆಯ ಕಚೇರಿಗೆ ಹೋಗುತ್ತವೆ: ಒಂದು ದೂರಿನ ಕಡತದ ಬಗ್ಗೆ, ಇನ್ನೊಂದು ತಪಾಸಣೆ ಮತ್ತು ತಕ್ಕಡಿಗಳ ಸತ್ಯಾಪನೆಯ ಬಗ್ಗೆ. ಏಜೆನ್ಸಿ ಖಾಸಗಿಯವರದಾದರೂ ಅದಕ್ಕೆ ಸಿಲಿಂಡರ್ ಕೊಡುವ ತೈಲ ಕಂಪನಿ ಸಾರ್ವಜನಿಕ ವಲಯದ್ದಾಗಿರುವುದರಿಂದ, ಅದೇ ಏಜೆನ್ಸಿಯ ವಿರುದ್ಧ ಬಂದ ತೂಕದ ದೂರುಗಳ ಸಂಖ್ಯೆ ಮತ್ತು ಕೈಗೊಂಡ ಕ್ರಮದ ಪ್ರತಿಗಳನ್ನು ಕೋರಿ ಮೂರನೆಯ ಅರ್ಜಿ ನೇರವಾಗಿ ಕಂಪನಿಗೆ, ಕೇಂದ್ರದ ನಿಯಮಗಳಡಿ ಹೋಗುತ್ತದೆ. ಪ್ರತಿ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಂಘದ ಖಾತೆಯಿಂದ, ಸಹಿ ವಕೀಲರದು.

ಮೊದಲನೇ ಅಡ್ಡರಸ್ತೆಯ ನಿವಾಸಿ (ನಿವೃತ್ತ ಸರ್ಕಾರಿ ನೌಕರರು)

ಈಗ ಸರಿಯಾಯಿತು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಿನಾಂಕವನ್ನು ಇಲ್ಲಿಯೇ ಬರೆದಿಡಿ. ಅಂದಿನಿಂದ 30 ದಿನ ಅವರ ಸಮಯ. ತಪ್ಪು ಕಚೇರಿಗೆ ಹೋಗಿದ್ದರೆ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರದೇ ಕೆಲಸ. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅವರ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು, ಆದರೆ ಅಲ್ಲಿ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ. ಆದ್ದರಿಂದ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಬೇಕು. ಅದರ ಕರಡು ನಾನು ಈಗಲೇ ಸಿದ್ಧಪಡಿಸುತ್ತೇನೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ

ನಾಳೆ ನಮ್ಮ ಮನೆಗೆ ಸಿಲಿಂಡರ್ ಬರುವುದಿದೆ. ಅವರ ತಕ್ಕಡಿಯಲ್ಲೇ ತೂಗಿಸಿ, ಮುದ್ರೆಯ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ. ತಕ್ಕಡಿಯನ್ನೇ ತರದಿದ್ದರೆ ಅದನ್ನೂ ಸಮಯ ಸಹಿತ ಬರೆಯುತ್ತೇನೆ.