ಹಾರ್ಡ್ ಎಂಡ್ಯೂರೋಗೆ 300 ಟು-ಸ್ಟ್ರೋಕ್ ರೆಡಿ ಮಾಡ್ಬೇಕು, ಮೊದಲು ಯಾವುದಕ್ಕೆ ದುಡ್ಡು ಹಾಕ್ಲಿ?

ಬೆಟ್ಟದ_ಏರು

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಟ್ರೇಲ್ ರೈಡಿಂಗ್ ಮಾಡ್ಕೊಂಡಿದ್ದೆ, ಈಗ ಹಾರ್ಡ್ ಎಂಡ್ಯೂರೋ (ಬಂಡೆ, ಕಡಿದಾದ ಏರು, ದಿಮ್ಮಿ ಮೇಲೆಲ್ಲ ಬೈಕ್ ಹತ್ತಿಸೋ ರೈಡಿಂಗ್) ಕಡೆ ಮನಸ್ಸು ಬಂದಿದೆ, ಅದಕ್ಕಂತಾನೇ ಒಂದು ಸೆಕೆಂಡ್ ಹ್ಯಾಂಡ್ 300 ಸಿಸಿ ಟು-ಸ್ಟ್ರೋಕ್ ತಗೊಂಡೆ. ಇಂಜೆಕ್ಷನ್ ಇರೋದು, ಹಿಂದೆ ಲಿಂಕೇಜ್ ಸಸ್ಪೆನ್ಶನ್ (ಶಾಕ್ ಅಬ್ಸಾರ್ಬರ್ ಕೆಳಗೆ ಕೊಂಡಿ ಇರೋದು), ಗೇರಿಂಗ್ 14/50 (ಮುಂದಿನ ಸ್ಪ್ರಾಕೆಟ್ 14 ಹಲ್ಲು, ಹಿಂದಿಂದು 50), ಹಿಂದಿನ ಓನರ್ ಏನೂ ಮುಟ್ಟಿಲ್ಲ. ನನ್ನ ತೂಕ 86 ಕೆಜಿ, ಬೂಟು ಹೆಲ್ಮೆಟ್ಟು ನೀರಿನ ಬ್ಯಾಗು ಎಲ್ಲ ಸೇರಿದ್ರೆ 100 ಹತ್ರ ಬರತ್ತೆ.

ತೊಂದ್ರೆ ಏನಂದ್ರೆ, ಒದ್ದೆ ಬಂಡೆ, ಮರದ ಬೇರು ಇರೋ ಏರಲ್ಲಿ ಹಿಂದಿನ ಚಕ್ರ ನಿಂತಲ್ಲೇ ಸುತ್ತತ್ತೆ, ಮುಂದಕ್ಕೆ ಹೋಗಲ್ಲ. ಕಲ್ಲು ತುಂಬಿದ ಹಳ್ಳದಲ್ಲಿ ನಿಧಾನಕ್ಕೆ ಹೋಗುವಾಗ ಮುಂದಿನ ಚಕ್ರ ಪ್ರತಿ ಕಲ್ಲಿಗೂ ಬಡಿದು ಪಕ್ಕಕ್ಕೆ ಎಗರತ್ತೆ. ಫಸ್ಟ್ ಗೇರಲ್ಲೂ ಕ್ಲಚ್ ಹಿಡಿದೂ ಬಿಟ್ಟೂ ಹೋಗ್ಬೇಕು, ಸ್ವಲ್ಪ ಹೊತ್ತಲ್ಲೇ ರೇಡಿಯೇಟರ್ ಕುದ್ದು ಓವರ್‌ಫ್ಲೋ ಪೈಪಿಂದ ಕೂಲಂಟ್ ಚೆಲ್ಲತ್ತೆ.

ಜೊತೆಗೆ ಓಡಿಸೋರು ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎಕ್ಸಾಸ್ಟ್ ಚೇಂಜ್ ಮಾಡಿ ಇಸಿಯು ಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಹಾಕ್ಸು ಅಂತ ಒಬ್ರು, ಫೋರ್ಕ್ ಕಾರ್ಟ್ರಿಜ್ಜೇ (ಮುಂದಿನ ಸಸ್ಪೆನ್ಶನ್ ಒಳಗಿನ ಡ್ಯಾಂಪಿಂಗ್ ಸೆಟ್) ಬದಲಾಯಿಸ್ಬಿಡು ಅಂತ ಇನ್ನೊಬ್ರು. ಎಲ್ಲಾ ಒಟ್ಟಿಗೆ ಮಾಡ್ಸೋಕಾಗಲ್ಲ. ನೀವಾಗಿದ್ರೆ ಯಾವುದರಿಂದ ಶುರು ಮಾಡ್ತಿದ್ರಿ?

ಕಲ್ಲುಹಾದಿ

ಎಕ್ಸಾಸ್ಟ್ ಆಸೆ ಸದ್ಯಕ್ಕೆ ಬಿಟ್ಬಿಡಿ. 300 ಟು-ಸ್ಟ್ರೋಕಲ್ಲಿ ಪವರ್ ಸಾಲದೆ ಏರಲ್ಲಿ ನಿಂತವರನ್ನ ನಾನು ನೋಡೇ ಇಲ್ಲ, ಇರೋ ಪವರ್ ನೆಲಕ್ಕೆ ಇಳೀದೆ ನಿಂತವರೇ ಎಲ್ಲ. ನೀವು ಹೇಳಿದ ಮೂರು ತೊಂದ್ರೆಲಿ ಒಂದೂ ಇಂಜಿನ್ ಶಕ್ತಿದಲ್ಲ, ಇನ್ನೂ ಪವರ್ ಜಾಸ್ತಿ ಮಾಡಿದ್ರೆ ಅದೇ ಚಕ್ರ ಇನ್ನೂ ಜೋರಾಗಿ ಸುತ್ತತ್ತೆ ಅಷ್ಟೆ.

ಮೊದಲು ಹಿಂದಿನ ಟೈರ್. ಗಮ್ಮಿ ಟೈರ್ ಅಂತ ಬರತ್ತಲ್ಲ, ಮೆತ್ತನೆ ರಬ್ಬರಿಂದು, ಅದನ್ನ 140/80-18 ಸೈಜಲ್ಲಿ ಹಾಕಿ. ಬೆರಳಲ್ಲಿ ಒತ್ತಿದ್ರೆ ಟೈರ್ ಮೇಲಿನ ಗುಬುಟು ಬಾಗತ್ತೆ, ಅಷ್ಟು ಮೆತ್ತಗಿರತ್ತೆ. ಗಟ್ಟಿ ಟೈರ್ ಒದ್ದೆ ಬಂಡೆ ಮೇಲೆ ಗುಬುಟಿನ ತುದಿಯಲ್ಲಿ ಮಾತ್ರ ನಿಂತಿರತ್ತೆ, ಇದು ಬಂಡೆಯ ಉಬ್ಬು ತಗ್ಗಿಗೆಲ್ಲ ಅಂಟ್ಕೊಂಡು ಕೂರತ್ತೆ, ವ್ಯತ್ಯಾಸ ಮೊದಲನೇ ಏರಲ್ಲೇ ಗೊತ್ತಾಗತ್ತೆ. ಬೇಗ ಸವೆಯತ್ತೆ, ಅದು ನಿಜ, ಟಾರ್ ರೋಡಲ್ಲಿ ಓಡ್ಸಿದ್ರಂತೂ ಇನ್ನೂ ಬೇಗ. ಬರೀ ಆಳದ ಕೆಸರೇ ಇರೋ ಜಾಗ ಆದ್ರೆ ಮಾಮೂಲಿ ಟೈರೇ ಚೆನ್ನಾಗಿ ಅಗೆಯತ್ತೆ. ಮುಂದಕ್ಕೆ ಅಷ್ಟು ಮೆತ್ತನೇದು ಬೇಡ, ತಿರುವಲ್ಲಿ ಗುಬುಟು ಮಡಚ್ಕೊಂಡು ಜಾರತ್ತೆ, 90/90-21ರಲ್ಲಿ ಮಧ್ಯಮ ರಬ್ಬರಿಂದು ಸಾಕು.

ಎರಡನೇದು ಗಾಳಿ. ನೀವು ಗಾಳಿ ಎಷ್ಟಿದೆ ಅಂತ ಬರೆದೇ ಇಲ್ಲ! ಟೈರ್ ಎಷ್ಟೇ ಒಳ್ಳೇದಿರಲಿ 18 ಪಿಎಸ್‌ಐ ತುಂಬಿದ್ರೆ ಕಲ್ಲಾಗತ್ತೆ. ದಪ್ಪ ಅಂದ್ರೆ 4 ಎಂಎಂ ಟ್ಯೂಬ್ ಇದ್ರೆ 10ರಿಂದ 12 ಪಿಎಸ್‌ಐ ತನಕ ಇಳಿಸ್ಬಹುದು, ಅದಕ್ಕೂ ಕೆಳಗೆ ಹೋದ್ರೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಕಚ್ಚತ್ತೆ. ರಿಮ್ ಲಾಕ್ (ಟೈರನ್ನ ರಿಮ್ಮಿಗೆ ಒತ್ತಿ ಹಿಡಿಯೋ ಕ್ಲ್ಯಾಂಪ್) ಟೈಟ್ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಕಮ್ಮಿ ಗಾಳಿಯಲ್ಲಿ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಕಿತ್ತು ಬರತ್ತೆ. ಪೆಟ್ರೋಲ್ ಬಂಕಿನ ಗೇಜ್ ಇಷ್ಟು ಕಮ್ಮಿ ಪ್ರೆಶರಿಗೆ ನಂಬೋ ಹಾಗಿಲ್ಲ, 0ರಿಂದ 15 ಪಿಎಸ್‌ಐ ತೋರಿಸೋ ಚಿಕ್ಕ ಗೇಜ್ ಒಂದು ಇಟ್ಕೊಳ್ಳಿ, ಟೈರ್ ತಣ್ಣಗಿದ್ದಾಗ ನೋಡಿ.

ಮೂರನೇದು ಸ್ಯಾಗ್, ಅಂದ್ರೆ ತೂಕ ಬಿದ್ದಾಗ ಸಸ್ಪೆನ್ಶನ್ ಎಷ್ಟು ಕುಸಿಯತ್ತೆ ಅನ್ನೋ ಅಳತೆ. ಇದಕ್ಕೆ ದುಡ್ಡೇ ಬೇಡ, ಒಂದು ಟೇಪು, ಸಹಾಯಕ್ಕೆ ಇಬ್ರು ಇದ್ರೆ ಸಾಕು. ಬೈಕ್ ಸ್ಟ್ಯಾಂಡ್ ಮೇಲಿಟ್ಟು ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸೆಲಿಂದ ನೇರ ಮೇಲೆ ಫೆಂಡರ್ ಮೇಲೆ ಒಂದು ಗುರುತು ಮಾಡಿ ಅಳೀರಿ. ಆಮೇಲೆ ಬೈಕ್ ನೆಲಕ್ಕಿಳಿಸಿ ತನ್ನ ತೂಕದಲ್ಲೇ ಕೂತಾಗ ಅಳೀರಿ, ಎರಡರ ವ್ಯತ್ಯಾಸ ಸ್ಟ್ಯಾಟಿಕ್ ಸ್ಯಾಗ್. ಕೊನೆಗೆ ನೀವು ಫುಲ್ ಗೇರ್ ಹಾಕ್ಕೊಂಡು ಫುಟ್‌ಪೆಗ್ ಮೇಲೆ ನಿಂತು, ಒಬ್ರು ಬೈಕ್ ಹಿಡ್ಕೊಂಡು ಇನ್ನೊಬ್ರು ಅಳೀಬೇಕು, ಅದು ರೈಡರ್ ಸ್ಯಾಗ್. ಸ್ಟ್ಯಾಟಿಕ್ 30ರಿಂದ 40 ಎಂಎಂ, ರೈಡರ್ 100ರಿಂದ 110 ಎಂಎಂ ಹತ್ರ ಬರ್ಬೇಕು. ಅಳತೆ ಬರೀರಿ, ಮುಂದಿಂದು ಅದನ್ನ ನೋಡ್ಕೊಂಡು ಮಾತಾಡೋಣ. ಅಲ್ಲೀವರೆಗೂ ಕಾರ್ಟ್ರಿಜ್ ಮಾತೇ ಬೇಡ.

ನಿಧಾನವೇ_ವೇಗ

ಕಲ್ಲುಹಾದಿ ಅಣ್ಣ ಹೇಳಿದ ಕ್ರಮ ಸರಿ, ಆದ್ರೆ ಟ್ಯೂಬ್ ವಿಷಯದಲ್ಲಿ ನಾನು ಒಪ್ಪಲ್ಲ. ಚೂಪು ಕಲ್ಲು ಇರೋ ಜಾಗದಲ್ಲಿ 10 ಪಿಎಸ್‌ಐ ಟ್ಯೂಬ್ ನಂಬ್ಕೊಂಡು ಹೋಗೋದು ಬೇಡ, ಕಾಡು ಮಧ್ಯೆ ಹಿಂದಿನ ಚಕ್ರ ಬಿಚ್ಕೊಂಡು ಕೂರೋ ಕಷ್ಟ ಯಾರಿಗೂ ಬೇಡ. ಮೂಸ್ ಹಾಕ್ಸಿ. ಒಳಗೆ ಗಾಳಿ ಬದಲು ಫೋಮ್ ರಿಂಗ್, ಪಂಕ್ಚರ್ ಅನ್ನೋದೇ ಇಲ್ಲ. ಗಮ್ಮಿ ಟೈರಿಗೆ ಸಾಫ್ಟ್ ಮೂಸೇ ತಗೊಳ್ಳಿ, ಗಟ್ಟಿ ಮೂಸ್ ಹಾಕಿದ್ರೆ ಮೆತ್ತನೆ ಟೈರ್ ತಗೊಂಡಿದ್ದೇ ದಂಡ. ಹಳೇ ಮೂಸ್ ಸವೆದು ಕುಗ್ಗಿ ಇನ್ನೂ ಮೆತ್ತಗಾಗತ್ತೆ, ಎಷ್ಟೋ ಜನ ಅದನ್ನ ಎಸೀದೆ ಬಂಡೆ ಜಾಸ್ತಿ ಇರೋ ಕಡೆಗೆ ಅಂತಾನೇ ಇಟ್ಕೋತಾರೆ. ಟೈರ್ ಹಾಕುವಾಗ ಅದರ ಜೆಲ್ ಧಾರಾಳವಾಗಿ ಬಳೀಬೇಕು, ಜೆಲ್ ಒಣಗಿದ್ರೆ ಒಳಗೆ ಉಜ್ಜಿ ಬಿಸಿಯಾಗಿ ಫೋಮ್ ಪುಡಿಯಾಗತ್ತೆ. ರೋಡಲ್ಲಿ ಜೋರಾಗಿ ದೂರ ಓಡ್ಸಿದ್ರೂ ಅಷ್ಟೆ, ಬೈಕ್ ಗಾಡಿಲಿ ಹಾಕ್ಕೊಂಡು ಹೋಗೋರಿಗೇ ಮೂಸ್ ಸರಿ.

ಇನ್ನು ಬೈಕಿನ ಪ್ರೊಟೆಕ್ಷನ್ ಬಗ್ಗೆ ಯಾರೂ ಹೇಳಿಲ್ಲ, ನನ್ನ ಪ್ರಕಾರ ಟೈರ್ ಜೊತೆಗೇ ಅದೂ ಆಗ್ಬೇಕು, ಯಾಕಂದ್ರೆ ಬೈಕ್ ಬೀಳೋದು ಗ್ಯಾರಂಟಿ. ನಿಮ್ದು ಲಿಂಕೇಜ್ ಬೈಕು, ಲಿಂಕೇಜ್ ಕೆಳಗೆ ಇಳಿಬಿದ್ದಿರತ್ತೆ, ಹಾಗಾಗಿ ಅದನ್ನೂ ಮುಚ್ಚೋ ಉದ್ದನೆ ಪ್ಲಾಸ್ಟಿಕ್ ಸ್ಕಿಡ್ ಪ್ಲೇಟ್ (ಇಂಜಿನ್ ಅಡಿಯ ರಕ್ಷಣಾ ತಟ್ಟೆ) ತಗೊಳ್ಳಿ. ಅಲ್ಯೂಮಿನಿಯಂ ಕಲ್ಲಿಗೆ ಸಿಕ್ಕಾಕ್ಕೊಳ್ಳತ್ತೆ, ದಪ್ಪ ಪ್ಲಾಸ್ಟಿಕ್ ಮರದ ದಿಮ್ಮಿ ಮೇಲೆ ಜಾರ್ಕೊಂಡು ಹೋಗತ್ತೆ. ಎಕ್ಸ್‌ಪ್ಯಾನ್ಶನ್ ಚೇಂಬರ್ (ಟು-ಸ್ಟ್ರೋಕ್ ಎಕ್ಸಾಸ್ಟಿನ ಉಬ್ಬಿದ ಪೈಪ್) ಮುಂದೆ ಹೊಟ್ಟೆ ಉಬ್ಬಿಸ್ಕೊಂಡು ನಿಂತಿರತ್ತಲ್ಲ, ಅದಕ್ಕೆ ಗಾರ್ಡ್ ಬೇಕೇ ಬೇಕು, ಜೋರಾಗಿ ನೆಗ್ಗಿದ್ರೆ ಪವರ್ ಬರೋ ರೀತಿನೇ ಬದಲಾಗತ್ತೆ. ರೇಡಿಯೇಟರ್‌ಗೆ ಅಲ್ಯೂಮಿನಿಯಂ ಬ್ರೇಸ್, ಹಿಂದಿನ ಡಿಸ್ಕಿಗೆ ಗಾರ್ಡ್, ಕ್ಲಚ್ ಕವರಿಗೆ ಒಂದು ಗಾರ್ಡ್. ಇಷ್ಟಾದ್ರೆ ಬಿದ್ದರೂ ಮನೆಗೆ ಓಡಿಸ್ಕೊಂಡೇ ಬರ್ಬಹುದು.

ಲಿವರ್ ಬಗ್ಗೆ ಒಂದು ಚಿಕ್ಕ ಕೆಲಸ: ಕ್ಲಚ್ ಬ್ರೇಕ್ ಎರಡೂ ಲಿವರ್‌ಗಳ ಕ್ಲ್ಯಾಂಪ್ ಬಿಚ್ಚಿ, ಹ್ಯಾಂಡಲ್ ಮೇಲೆ ಪ್ಲಂಬರ್‌ಗಳು ಬಳಸೋ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ, ಆಮೇಲೆ ಕೈಯಲ್ಲಿ ಜೋರಾಗಿ ತಿರುಗಿಸಿದ್ರೆ ಮಾತ್ರ ತಿರುಗೋ ಅಷ್ಟು ಟೈಟ್ ಮಾಡಿ. ಬಿದ್ದಾಗ ಲಿವರ್ ಮುರಿಯೋ ಬದಲು ತಿರುಗ್ಕೊಳ್ಳತ್ತೆ, ಎದ್ದು ಒಂದು ಏಟು ಕೊಟ್ರೆ ಜಾಗಕ್ಕೆ ಬರತ್ತೆ.

ಮುಂದೆ ಹಿಂದೆ ಎಳೆಯೋ ಸ್ಟ್ರ್ಯಾಪ್ ಹಾಕೋದು ಮರೀಬೇಡಿ. ಆಸ್ಟ್ರಿಯಾದ ಎರ್ಜ್‌ಬರ್ಗ್ ರೋಡಿಯೋ ಅನ್ನೋ ಹಾರ್ಡ್ ಎಂಡ್ಯೂರೋ ರೇಸಲ್ಲಿ 500 ಜನ ಸ್ಟಾರ್ಟ್ ಆಗ್ತಾರೆ, ಮುಗಿಸೋಕೆ 4 ಗಂಟೆ ಟೈಮ್. 2015ರಲ್ಲಿ ಡೌನ್‌ಟೌನ್ ಅನ್ನೋ ಸೆಕ್ಷನ್ನಲ್ಲಿ ಗ್ರಹಾಂ ಜಾರ್ವಿಸ್, ಜಾನಿ ವಾಕರ್, ಆಂಡ್ರಿಯಾಸ್ ಲೆಟ್ಟನ್‌ಬಿಕ್ಲರ್, ಆಲ್ಫ್ರೆಡೋ ಗೋಮೆಜ್, ನಾಲ್ಕೂ ಜನ ಒಬ್ರ ಬೈಕ್ ಇನ್ನೊಬ್ರು ಎಳೆದು ತಳ್ಳಿ ಮೇಲೆ ಹತ್ತಿಸಿ ಒಟ್ಟಿಗೇ ಗೆದ್ದವರು ಅಂತ ಆಯ್ತು. ಪ್ರಪಂಚದ ಟಾಪ್ ರೈಡರ್‌ಗಳಿಗೇ ಎಳೆಯೋಕೆ ಹಿಡಿ ಬೇಕಾಗತ್ತೆ ಅಂದ್ಮೇಲೆ ನಮಗೆ ಬೇಡ್ವಾ?

ಪಿಸ್ಟನ್_ಪೋರ್ಟ್

ಕುದಿಯೋ ವಿಷಯಕ್ಕೆ ಬರ್ತೀನಿ, ಎಲ್ರೂ ಫ್ಯಾನ್ ಹಾಕು ಅಂತಾರೆ, ನಾನೂ ಹಾಕಿ ಅಂತೀನಿ, ಆದ್ರೆ ಫ್ಯಾನಿಗಿಂತ ಮೊದಲು ಗೇರಿಂಗ್ ನೋಡಿ. 14/50 ಅಂದ್ರೆ ರೇಶಿಯೋ 3.57, ಇದು ಹಾರ್ಡ್ ಎಂಡ್ಯೂರೋಗೆ ಉದ್ದ ಆಯ್ತು. ಮುಂದೆ 13 ಹಲ್ಲಿಂದು ಹಾಕಿದ್ರೆ 3.85, ಹಿಂದೆ 52 ಹಾಕಿದ್ರೆ ಸರಿಯಾಗಿ 4.0 ಬರತ್ತೆ. ನಡೆಯೋ ಸ್ಪೀಡಲ್ಲಿ ಕ್ಲಚ್ ಪೂರ್ತಿ ಬಿಟ್ಟು ಓಡ್ಸೋ ಹಾಗಾಗತ್ತೆ. ನಿಮಗೆ ಬಿಸಿ ಯಾಕಾಗ್ತಿದೆ ಅಂದ್ರೆ ಕ್ಲಚ್ ಸ್ಲಿಪ್ ಮಾಡ್ತಾ ಇಂಜಿನ್ ರೇಸ್ ಮಾಡ್ತಿದೀರ, ಬೈಕ್ ಮುಂದಕ್ಕೆ ಹೋಗ್ತಿಲ್ಲ, ರೇಡಿಯೇಟರ್‌ಗೆ ಗಾಳಿನೂ ಇಲ್ಲ. ಗೇರಿಂಗ್ ಇಳಿಸಿದ್ರೆ ಆ ಬಿಸಿಲಿ ಒಂದು ಪಾಲು ಅಲ್ಲೇ ಹೋಗತ್ತೆ. ಮುಂದೆ 12 ಹಾಕೋರೂ ಇದಾರೆ, ನಂಗೆ ಇಷ್ಟ ಇಲ್ಲ, ಚೈನ್ ತುಂಬಾ ಬಿಗಿ ಸುತ್ತಲ್ಲಿ ತಿರುಗ್ಬೇಕಾಗತ್ತೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಮೇಲಿನ ಸ್ಲೈಡರ್ ಬೇಗ ತಿಂದ್ಹಾಕತ್ತೆ.

ಆಮೇಲೆ ಫ್ಯಾನ್. ಎಷ್ಟೋ ಇಂಜೆಕ್ಷನ್ ಮಾಡೆಲ್‌ಗಳಲ್ಲಿ ಫ್ಯಾನಿನ ಕನೆಕ್ಟರ್ ವೈರಿಂಗಲ್ಲೇ ಇರತ್ತೆ, ರೇಡಿಯೇಟರ್ ಪಕ್ಕ ಮುಚ್ಚಳ ಹಾಕಿ ಕಟ್ಟಿರ್ತಾರೆ, ಹುಡುಕಿ ನೋಡಿ. ಹೆಚ್ಚು ಪ್ರೆಶರಿನ ಕ್ಯಾಪ್, 1.8 ಬಾರ್ ಅಂತೆಲ್ಲ ಬರತ್ತೆ, ಅದು ತಂಪು ಮಾಡಲ್ಲ, ಕುದಿಯೋ ಟೆಂಪರೇಚರನ್ನ ಸ್ವಲ್ಪ ಮೇಲೆ ತಳ್ಳತ್ತೆ ಅಷ್ಟೆ. ಹಳೇ ಹೋಸ್ ಇದ್ರೆ ಅಲ್ಲಿಂದ ಲೀಕ್ ಶುರುವಾಗತ್ತೆ.

ಸೆಕೆಂಡ್ ಹ್ಯಾಂಡ್ ಬೈಕಾದ್ರಿಂದ ಇನ್ನೊಂದು ನೋಡ್ಲೇಬೇಕು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ಒಳಗೆ ನೋಡ್ತಾ ಇರಿ. ಸಣ್ಣ ಗುಳ್ಳೆ ಒಂದೇ ಸಮ ಬರ್ತಾ ಇದ್ರೆ ಹೆಡ್ ಓ-ರಿಂಗ್ (ಸಿಲಿಂಡರ್ ಹೆಡ್ಡಿನ ರಬ್ಬರ್ ಸೀಲ್) ಹೋಗಿ ಸಿಲಿಂಡರ್ ಗ್ಯಾಸ್ ನೀರಿಗೆ ಸೇರ್ತಿದೆ ಅಂತ, ಆಗ ಎಂಥ ಫ್ಯಾನ್ ಹಾಕಿದ್ರೂ ಕುದಿಯತ್ತೆ. ಬಿಸಿ ಇರುವಾಗ ಮಾತ್ರ ಕ್ಯಾಪ್ ಮುಟ್ಟಬೇಡಿ, ಮುಖದ ಮೇಲೇ ಚಿಮ್ಮತ್ತೆ.

ಇಂಜಿನ್ನಿಗೆ ದುಡ್ಡು ಹಾಕ್ಲೇಬೇಕು ಅನ್ಸಿದ್ರೆ ಫ್ಲೈವೀಲ್ ವೇಟ್ (ಇಂಜಿನ್ ಜೊತೆ ಸುತ್ತೋ ಚಕ್ರಕ್ಕೆ ಹೆಚ್ಚುವರಿ ತೂಕ) ಹಾಕ್ಸಿ. ಆರ್‌ಪಿಎಂ ಏರೋದೂ ಇಳಿಯೋದೂ ನಿಧಾನ ಆಗತ್ತೆ, ಕಲ್ಲಿಗೆ ಚಕ್ರ ತಗುಲಿದಾಗ ಫಟ್ ಅಂತ ಆಫ್ ಆಗೋದು ಕಮ್ಮಿ, ಚಕ್ರ ಸುತ್ತೋದೂ ಕಮ್ಮಿ. ಮ್ಯಾಪ್ ಸ್ವಿಚ್ ಇದ್ರೆ ಮೆದು ಮ್ಯಾಪಲ್ಲೇ ಓಡ್ಸಿ. ಆಟೋ ಕ್ಲಚ್ (ಲಿವರ್ ಒತ್ತದೇ ತಾನೇ ಹಿಡಿದು ಬಿಡೋ ಕ್ಲಚ್) ಬೇಕಾ ಅಂತ ಮುಂದೆ ಕೇಳ್ತೀರ ಅನ್ಸತ್ತೆ, ಒಳ್ಳೇ ಸಾಮಾನೇ ಅದು, ಕೈ ನೋವು ಇರೋರಿಗಂತೂ ವರ, ಆದ್ರೆ ಮೊದಲು ಒಂದು ಬೆರಳಲ್ಲಿ ಕ್ಲಚ್ ಹಿಡಿಯೋದು ಕೈಗೆ ಬರ್ಲಿ ಅಂತ ನನ್ನ ಅಭಿಪ್ರಾಯ.

ಬೆಟ್ಟದ_ಏರು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಗಾಳಿ ನೋಡ್ದೆ, ಹಿಂದೆ 17 ಇತ್ತು. ಕ್ಯಾಪ್ ತೆಗೆದು ನೋಡ್ದೆ, ಗುಳ್ಳೆ ಇಲ್ಲ. ಫ್ಯಾನ್ ಕನೆಕ್ಟರ್ ಕೂಡ ಸಿಕ್ತು, ಎಡಗಡೆ ರೇಡಿಯೇಟರ್ ಹಿಂದೆ ಟೈ ಹಾಕಿ ಕಟ್ಟಿದ್ರು.

ಸ್ಯಾಗ್ ಅಳತೆ: ಚಕ್ರ ಗಾಳಿಯಲ್ಲಿ 610 ಎಂಎಂ, ಬೈಕ್ ತನ್ನ ತೂಕದಲ್ಲಿ 594, ನಾನು ನಿಂತಾಗ 505. ಅಂದ್ರೆ ಸ್ಟ್ಯಾಟಿಕ್ 16, ರೈಡರ್ 105. ರೈಡರ್ ಸ್ಯಾಗ್ ಸರಿಯಾಗೇ ಇದೆ, ಸ್ಟ್ಯಾಟಿಕ್ ಅಷ್ಟು ಕಮ್ಮಿ ಅಂದ್ರೆ ಸ್ಪ್ರಿಂಗ್ ಗಟ್ಟಿ ಜಾಸ್ತಿ ಆಯ್ತು ಅಂತಾನಾ? ಮೆದು ಸ್ಪ್ರಿಂಗ್ ಹಾಕಿಸ್ಲಾ?

ಕಲ್ಲುಹಾದಿ

ಇಲ್ಲ ಇಲ್ಲ, ಉಲ್ಟಾ. ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದು ಆಯ್ತು. ಎಲ್ರಿಗೂ ಇಲ್ಲೇ ಗೊಂದಲ ಆಗೋದು. ಮೆದು ಸ್ಪ್ರಿಂಗ್ ಇಟ್ಕೊಂಡು 105 ತರ್ಬೇಕು ಅಂದ್ರೆ ಪ್ರೀಲೋಡ್ ರಿಂಗ್ ತಿರುಗಿಸಿ ತಿರುಗಿಸಿ ಸ್ಪ್ರಿಂಗನ್ನ ಮೊದಲೇ ಒತ್ತಿ ಇಡ್ಬೇಕಾಗತ್ತೆ. ಹಾಗೆ ಒತ್ತಿಟ್ಟ ಸ್ಪ್ರಿಂಗು ಬೈಕಿನ ತೂಕಕ್ಕೆ ಬಗ್ಗಲ್ಲ, ಅದಕ್ಕೇ ಸ್ಟ್ಯಾಟಿಕ್ 16. ಚಕ್ರ ಗುಂಡಿಗೆ ಇಳೀಬೇಕಾದಾಗ ಕೆಳಗೆ ಹೋಗೋಕೆ ಜಾಗನೇ ಇಲ್ಲ, ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಸುತ್ತತ್ತೆ. ಏರಲ್ಲಿ ಹಿಡಿತ ಇಲ್ಲ ಅಂದ್ರಲ್ಲ, ಅದರಲ್ಲಿ 17 ಪಿಎಸ್‌ಐದು ಎಷ್ಟು ಪಾಲೋ ಇದರದ್ದೂ ಅಷ್ಟೇ ಪಾಲು ಇರ್ಬಹುದು.

ಸ್ಪ್ರಿಂಗ್ ಮೇಲೆ ನ್ಯೂಟನ್ ಪರ್ ಮಿಲಿಮೀಟರ್ ಲೆಕ್ಕದ ನಂಬರ್ ಇರತ್ತೆ, ಮ್ಯಾನುಯಲ್ಲಲ್ಲಿ ಎಷ್ಟು ಕೆಜಿಗೆ ಯಾವ ನಂಬರ್ ಅಂತ ಪಟ್ಟಿ ಇರತ್ತೆ, ಒಂದು ಸೈಜ್ ಗಟ್ಟಿದು ಹಾಕ್ಸಿ ಮತ್ತೆ ರೈಡರ್ ಸ್ಯಾಗ್ 105ಕ್ಕೆ ತನ್ನಿ, ಸ್ಟ್ಯಾಟಿಕ್ ತಾನಾಗೇ ಮೇಲೆ ಬರತ್ತೆ. ಫೋರ್ಕಿಗೂ ನಿಮ್ಮ ತೂಕದ ಸ್ಪ್ರಿಂಗ್ ಇದೆಯಾ ನೋಡಿ. ಕಾರ್ಟ್ರಿಜ್ ಬೆಲೆ ಮುಂದೆ ಈ ಖರ್ಚು ಏನೇನೂ ಅಲ್ಲ.

ಮುಂದಿನ ಚಕ್ರ ಎಗರೋದಕ್ಕೆ ಫೋರ್ಕ್ ಕ್ಲಿಕ್ಕರ್ (ಡ್ಯಾಂಪಿಂಗ್ ಹೊಂದಿಸೋ ಸ್ಕ್ರೂ) ಮುಟ್ಟಿ. ಮೊದಲು ನಿಧಾನಕ್ಕೆ ಪೂರ್ತಿ ಕ್ಲೋಸ್ ಆಗೋ ತನಕ ತಿರುಗಿಸಿ ಈಗ ಎಷ್ಟು ಕ್ಲಿಕ್ಕಲ್ಲಿ ಇದೆ ಅಂತ ಬರೆದಿಟ್ಕೊಳ್ಳಿ, ಆಮೇಲೆ ಆ ಜಾಗಕ್ಕೆ ವಾಪಸ್ ತಂದು ಕಂಪ್ರೆಷನ್ (ಫೋರ್ಕ್ ಒತ್ತೋವಾಗಿನ ತಡೆ) ಮೂರು ಕ್ಲಿಕ್ ಮೆದು ಮಾಡಿ. ಒಂದೇ ಚಿಕ್ಕ ಕಲ್ಲಿನ ಜಾಗ ಹುಡುಕಿ ಅಲ್ಲೇ ಹೋಗ್ತಾ ಬರ್ತಾ ಟೆಸ್ಟ್ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಅದು ಕೈಗೆ ಹಿಡಿಸಿದ್ಮೇಲೆ ರೀಬೌಂಡ್ (ಒತ್ತಿದ ಫೋರ್ಕ್ ವಾಪಸ್ ಬರೋ ವೇಗ) ಎರಡು ಕ್ಲಿಕ್ ಫಾಸ್ಟ್ ಮಾಡಿ ನೋಡಿ, ಸಾಲು ಸಾಲು ಕಲ್ಲಲ್ಲಿ ಚಕ್ರ ಬೇಗ ವಾಪಸ್ ಬಂದ್ರೆ ನೆಲ ಹಿಡ್ಕೊಂಡು ಹೋಗತ್ತೆ.

ಪಿಸ್ಟನ್_ಪೋರ್ಟ್

ಸ್ಪ್ರಿಂಗ್, ಸ್ಪ್ರಾಕೆಟ್ ಎರಡೂ ಬದಲಾದ್ಮೇಲೆ ಚೈನ್ ಟೆನ್ಶನ್ ಹೊಸದಾಗಿ ನೋಡಿ. ಸ್ಟ್ಯಾಂಡ್ ಮೇಲೆ ಸರಿ ಕಂಡ ಚೈನು ಸಸ್ಪೆನ್ಶನ್ ಒತ್ತಿದಾಗ ಬಿಗಿಯಾಗತ್ತೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸೆಲ್ ಮೂರೂ ಒಂದೇ ಗೆರೆಯಲ್ಲಿ ಬರೋ ಹಾಗೆ ಹಿಂದೆ ಸ್ಟ್ರ್ಯಾಪ್ ಹಾಕಿ ಎಳೆದು ಹಿಡ್ಕೊಂಡು, ಆ ಸ್ಥಿತಿಯಲ್ಲೂ ಚೈನ್ ಸ್ವಲ್ಪ ಸಡಿಲ ಇದೆಯಾ ನೋಡ್ಬೇಕು. ಇಲ್ಲಾಂದ್ರೆ ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಹೊಡೆತ ಬೀಳತ್ತೆ. ಹಿಂದೆ 52 ಹಾಕಿದ್ರೆ ಚೈನ್ ಉದ್ದ ಸಾಕಾಗತ್ತಾ ಅಂತ ಮೊದಲೇ ಅಳೆದು ನೋಡ್ಕೊಂಡು ಆರ್ಡರ್ ಮಾಡಿ.