ಗ್ಯಾರೇಜ್ ಪ್ರಶ್ನೋತ್ತರ: ಏರ್ ಫಿಲ್ಟರ್ ಯಾವುದು ಹಾಕಿಸಬೇಕು?

ಧಾರವಾಡದ ಸದಸ್ಯ: ಮಿಸ್ತ್ರಿ ಅಣ್ಣಾ, ಡೀಸೆಲ್ ಸ್ವಿಫ್ಟ್‌ಗೆ ತೊಳೆದು ಮತ್ತೆ ಹಾಕುವ ಕಾಟನ್ ಫಿಲ್ಟರ್ ಹಾಕಿಸಲಾ? ಪಿಕಪ್ ಏರುತ್ತದೆ ಅಂತಾರೆ.

ಮಿಸ್ತ್ರಿ, ಹುಬ್ಬಳ್ಳಿ: ಬೇಡ್ರಿ. ಪೇಪರ್ ಫಿಲ್ಟರ್ ಸ್ವಚ್ಛ ಇದ್ದರೆ ಎಂಜಿನ್‌ಗೆ ಸಾಕಷ್ಟು ಗಾಳಿ ಸಿಗುತ್ತದೆ. ಎಣ್ಣೆ ಹಚ್ಚಿದ ಕಾಟನ್ ಗಾಳಿಯನ್ನು ಸ್ವಲ್ಪ ಸಲೀಸಾಗಿ ಬಿಡುತ್ತದೆ, ಅದರ ಜೊತೆ ಸಣ್ಣ ಧೂಳನ್ನೂ ಬಿಡುತ್ತದೆ. ಎಣ್ಣೆ ಹೆಚ್ಚಾದರೆ ಒಳಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್‌ಗೆ ಅಂಟಿ ಅದು ತಪ್ಪು ಲೆಕ್ಕ ಕೊಡುತ್ತದೆ.

ಹಾವೇರಿಯ ಸದಸ್ಯ: ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಸರ್?

ಮಿಸ್ತ್ರಿ: ಗಾಡಿ ಪುಸ್ತಕದಲ್ಲಿದೆ. ಮಣ್ಣು ರಸ್ತೆ ಜಾಸ್ತಿ ಇದ್ದರೆ ಅದರ ಅರ್ಧಕ್ಕೇ ತೆಗೆದು ನೋಡಿ.

ನವಲಗುಂದದ ರೈತ: ಅಣ್ಣಾರ, ಕಡಲೆ ರಾಶಿ ಮಾಡುವಾಗ ಟ್ರ್ಯಾಕ್ಟರ್ ಎಳೆಯುತ್ತಿರಲಿಲ್ಲ, ಕರಿ ಹೊಗೆ ಬರುತ್ತಿತ್ತು. ಒಬ್ಬರು ಒಳಗಿನ ಸಣ್ಣ ಫಿಲ್ಟರ್ ತೆಗೆಸಿದರು. ಈಗ ಚೆನ್ನಾಗಿ ಎಳೆಯುತ್ತದೆ, ಆದರೆ ಆಯಿಲ್ ಕಡಿಮೆ ಆಗ್ತಾ ಇದೆ.

ಮಿಸ್ತ್ರಿ: ಮೊದಲು ಗಾಡಿ ನಿಲ್ಲಿಸಿ. ಹೊರಗಿನ ಫಿಲ್ಟರ್ ಹರಿದರೆ, ಸರಿಯಾಗಿ ಕೂರದಿದ್ದರೆ ಎಂಜಿನ್ ಉಳಿಸೋದು ಆ ಸಣ್ಣದೇ. ರಾಶಿ ಧೂಳು ಒಳಗೆ ಹೋದರೆ ಪಿಸ್ಟನ್ ಸುತ್ತಲಿನ ರಿಂಗ್, ಸಿಲಿಂಡರಿನ ಒಳಗೋಡೆ ಅಂದರೆ ಲೈನರ್, ಇವೆರಡರ ನಡುವೆ ಸೇರಿ ಉಸುಕಿನ ಕಾಗದದ ಹಾಗೆ ಉಜ್ಜುತ್ತದೆ, ಆಮೇಲೆ ಆಯಿಲ್ ಸುಡಲು ಶುರು. ಫಿಲ್ಟರ್ ಡಬ್ಬಿಯಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ ಒಳಗೆ ಬೆರಳು ಆಡಿಸಿ. ಮಣ್ಣು ಹತ್ತಿದರೆ ಧೂಳು ದಾಟಿದೆ ಅಂತಲೇ ಅರ್ಥ. ಪೈಪ್ ಸೀಳಿದೆಯಾ, ಕ್ಲಿಪ್ ಸಡಿಲ ಇದೆಯಾ, ಡಬ್ಬಿ ತಳದಲ್ಲಿ ಧೂಳು ಹೊರಗೆ ಬೀಳಿಸುವ ರಬ್ಬರ್ ವಾಲ್ವ್ ಇದೆಯಾ ನೋಡಿ. ಒಳಗಿನ ಫಿಲ್ಟರ್ ಹೊಸದೇ ಹಾಕಿ, ಅದನ್ನು ಝಾಡಿಸಲೂ ಬಾರದು, ಗಾಳಿ ಹೊಡೆಯಲೂ ಬಾರದು. ಎಳೆಯದಿದ್ದದ್ದು ಹೊರಗಿನದು ಕಟ್ಟಿಕೊಂಡಿದ್ದಕ್ಕೇ ಇರಬೇಕು, ಅದನ್ನು ಬದಲಿಸಿದ್ದರೆ ಸಾಕಿತ್ತು.

ಗದಗಿನ ಸದಸ್ಯ: ಫಾರ್ವರ್ಡ್ ಬಂದಿದೆ: ಪೇಪರ್ ಫಿಲ್ಟರ್ ಪೆಟ್ರೋಲ್‌ನಲ್ಲಿ ತೊಳೆದು ಎಂಜಿನ್ ಆಯಿಲ್ ಸವರಿದರೆ ವರ್ಷಗಟ್ಟಲೆ ಬಾಳುತ್ತದಂತೆ.

ಮಿಸ್ತ್ರಿ: ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ. ಪೇಪರ್ ನೆನೆದರೆ ಕೆಟ್ಟಿತು, ಆಯಿಲ್ ಸವರಿದರೆ ಗಾಳಿಯೇ ಹೋಗಲ್ಲ. ಪೆಟ್ರೋಲ್‌ಗೆ ಬೆಂಕಿ ಹತ್ತಿದರೆ ಯಾರು ಹೊಣೆ? ಹಳೆ ಟ್ರ್ಯಾಕ್ಟರಿನ ಆಯಿಲ್ ಬಾತ್, ಅಂದರೆ ಡಬ್ಬಿಯಲ್ಲಿನ ಆಯಿಲ್ ಧೂಳು ಹಿಡಿಯೋದು, ಬೇರೆ ವ್ಯವಸ್ಥೆ, ಅದರ ಜಾಳಿಗೆಯನ್ನು ಡೀಸೆಲ್‌ನಲ್ಲಿ ತೊಳೆಯುತ್ತಾರೆ. ಎರಡನ್ನೂ ಕಲಸಬೇಡಿ.

ಹುಬ್ಬಳ್ಳಿಯ ಸದಸ್ಯ: ನಾನು ಕಾಟನ್ ಹಾಕಿಸಿದ್ದೇನೆ, ಗಾಡಿ ಹಾರುತ್ತದೆ. ಮಿಸ್ತ್ರಿಗಳಿಗೆ ಹೊಸದು ಅಂದರೆ ಆಗಲ್ಲ.

ಧಾರವಾಡದ ಸದಸ್ಯ: ಸೌಂಡ್ ಜಾಸ್ತಿ ಆದರೆ ಪಿಕಪ್ ಅಲ್ಲ ಸರ್.

ಹುಬ್ಬಳ್ಳಿಯ ಸದಸ್ಯ: ನಿಮ್ಮ ಗಾಡಿಯಲ್ಲಿ ಇಲ್ಲದ್ದರ ಬಗ್ಗೆ ನೀವೇಕೆ ಮಾತಾಡ್ತೀರಿ?

ಧಾರವಾಡದ ಸದಸ್ಯ: ಕೇಳಿದ್ದು ನಾನು. ನಿಮ್ಮನ್ನಲ್ಲ.

ಬ್ಯಾಡಗಿಯ ಸದಸ್ಯ: ಬುಲೆಟ್‌ಗೆ ಯಾವ ಕಂಪನಿದು ಚಲೋ?

ಮಿಸ್ತ್ರಿ: ಜಗಳ ಬೇರೆ ಕಡೆ ಮಾಡಿ. ಕಾಟನ್ ಹಾಕಿದವರು ಟರ್ಬೊಗೆ (ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಚಕ್ರ) ಹೋಗುವ ಪೈಪ್ ಬಿಚ್ಚಿ ಬಿಳಿ ಬಟ್ಟೆಯಿಂದ ಒರೆಸಿ ಫೋಟೋ ಹಾಕಿ. ಟರ್ಬೊ ಚಕ್ರದ ಎಲೆಗಳನ್ನು ಸವೆಸೋದೂ ಇದೇ ಧೂಳು.

ಲಕ್ಷ್ಮೇಶ್ವರದ ಸದಸ್ಯ: ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಮಿಸ್ತ್ರಿ: ಮೇಲೆ ಓದಿ.

ಹುಬ್ಬಳ್ಳಿಯ ಸದಸ್ಯ: ಫೋಟೋ ಹಾಕೋಕೆ ನಾನೇನು ನಿಮ್ಮ ಹುಡುಗನಾ?

ನವಲಗುಂದದ ರೈತ: ಅಣ್ಣಾರ, ಬೆರಳಿಗೆ ಎರೆಮಣ್ಣು ಹತ್ತಿತು. ತಳದ ರಬ್ಬರ್ ಇಲ್ಲವೇ ಇಲ್ಲ. ನಾಳೆ ಒಂದು ಹೊಲ ಬಾಕಿ ಇದೆ, ಅಷ್ಟು ಮುಗಿಸಿ ತರಲಾ?

ಮಿಸ್ತ್ರಿ: ಬೇಡ್ರಿ, ಚಾಲೂ ಮಾಡಲೇಬೇಡಿ. ಹೊಲಕ್ಕೆ ಬೇರೆ ಟ್ರ್ಯಾಕ್ಟರ್ ಬಾಡಿಗೆಗೆ ಹೇಳಿ. ಮಾಡೆಲ್, ಡಬ್ಬಿಯ ಫೋಟೋ ಕಳಿಸಿ, ಎರಡೂ ಫಿಲ್ಟರ್, ವಾಲ್ವ್ ತೆಗೆದುಕೊಂಡು ನಾನೇ ಬರ್ತೇನೆ.